ಉಜಿರೆಗೆ ಇಳಿಯೋಕೆ ಶಿರಾಡಿನಾ, ಚಾರ್ಮಾಡಿನಾ, ಬಿಸಲೆನಾ? ಮೂರೂ ಓಡ್ಸಿ ನೋಡಿ ಬರ್ದಿದ್ದು

ಅಕ್ಕನ್ನ ಉಜಿರೆಗೆ ಕೊಟ್ಟಾಗಿಂದ ನಮಗೆ ವರ್ಷಕ್ಕೆ ನಾಲ್ಕೈದು ಸಲ ಘಾಟಿ ಇಳಿಯೋದು ಇದ್ದಿದ್ದೇ. ಬೆಂಗಳೂರಿಂದ ಹಾಸನದವರೆಗೆ ಏನೂ ತಕರಾರಿಲ್ಲ, ಫೋರ್ ಲೇನು, ನೆಲಮಂಗಲ ದಾಟಿದ್ರೆ ಗೆದ್ದಂಗೆ. ಜಗಳ ಶುರುವಾಗೋದೇ ಹಾಸನದಲ್ಲಿ. ನೇರ ಸಕಲೇಶಪುರಕ್ಕೆ ಹೋಗಿ ಶಿರಾಡಿ ಇಳಿಯೋದಾ, ಬೇಲೂರು ಮೂಡಿಗೆರೆ ಮೇಲೆ ಚಾರ್ಮಾಡಿಗೆ ಹೋಗೋದಾ, ಇಲ್ಲಾ ಸಕಲೇಶಪುರದಲ್ಲಿ ಎಡಕ್ಕೆ ತಿರುಗಿಸಿ ಬಿಸಲೆ ಮೇಲೆ ಸುಬ್ರಹ್ಮಣ್ಯಕ್ಕೆ ಇಳಿದು ಧರ್ಮಸ್ಥಳ ಹಿಡಿಯೋದಾ. ಸಂಪಾಜೆನೂ ಒಂದಿದೆ ನಿಜ, ಆದ್ರೆ ಅದು ಮಡಿಕೇರಿ ಕಡೆಯಿಂದ ಸುಳ್ಯಕ್ಕೆ ಹೋಗೋರಿಗೆ, ನಮಗೆ ಸುತ್ತು. ಆಗುಂಬೆ ಉಡುಪಿಯವರಿಗೆ ಬಿಟ್ಟಿದ್ದು.

ಯಾವುದರಲ್ಲಿ ಹತ್ತು ನಿಮಿಷ ಉಳಿಯುತ್ತೆ ಅಂತ ಬೇಕಾದೋರು ಮ್ಯಾಪ್ ನೋಡ್ಕೊಳ್ಳಿ. ನನ್ನ ಜೊತೆ ಬರೋದು ಮಂಡಿನೋವಿರೋ ಅಮ್ಮ, ಅವಳಿಗೆ ತಿರುವು ಜಾಸ್ತಿಯಾದ್ರೆ ವಾಂತಿ, ಎರಡು ಗಂಟೆಗೊಂದು ಸಲ ಟಾಯ್ಲೆಟ್ ಬೇಕೇ ಬೇಕು. ಹಂಗಾಗಿ ನಾನು ನೋಡೋದು ಎಲ್ಲಿ ಗಾಡಿ ನಿಲ್ಲಿಸಬಹುದು, ನಿಲ್ಲಿಸಿದ್ರೆ ಏನು ಸಿಗುತ್ತೆ ಅಷ್ಟೇ.

ಶಿರಾಡಿ ಮೊದ್ಲು ಹೆಂಗಿತ್ತು ಅಂತ ಹಳಬರಿಗೆ ಗೊತ್ತು, ಗುಂಡಿ ಒಳಗೆ ರೋಡ್ ಹುಡುಕ್ಬೇಕಿತ್ತು. 2015ರಲ್ಲಿ ಒಂದ್ಸಲ, 2018ರಲ್ಲಿ ಇನ್ನೊಂದ್ಸಲ ತಿಂಗಳುಗಟ್ಟಲೆ ಬಂದ್ ಮಾಡಿ ಕಾಂಕ್ರೀಟ್ ಹಾಕಿದ ಮೇಲೆ ಬೇರೆ ಕಥೆನೇ. ತಿರುವುಗಳು ಅಗಲ, ಅಮ್ಮ ಸಕಲೇಶಪುರದಲ್ಲಿ ಕಣ್ಣು ಮುಚ್ಚಿದ್ರೆ ಗುಂಡ್ಯದಲ್ಲೇ ಎದ್ದೇಳೋದು. ಪಕ್ಕದಲ್ಲೇ ಕೆಂಪುಹೊಳೆ ಹರೀತಿರುತ್ತೆ, ಮಳೆಗಾಲದಲ್ಲಿ ನಿಜವಾಗ್ಲೂ ಕೆಂಪಗೆ, ಆದ್ರೆ ಅದನ್ನ ಡ್ರೈವರ್ ನೋಡೋ ಹಾಗಿಲ್ಲ. ಯಾಕಂದ್ರೆ ಹಿಂದೆ ಮಂಗಳೂರಿನ ಗ್ಯಾಸ್ ಟ್ಯಾಂಕರ್, ಮುಂದೆ ಬ್ರೇಕ್ ಸುಟ್ಟ ವಾಸನೆ ಬಿಡ್ತಾ ಇಳೀತಿರೋ ಇನ್ನೊಂದು ಲಾರಿ, ಎದುರುಗಡೆಯಿಂದ ಓವರ್‌ಟೇಕ್ ಮಾಡ್ಕೊಂಡು ಬರೋ ಸ್ಲೀಪರ್ ಬಸ್ಸು, ಕಾಂಕ್ರೀಟ್ ಅಂಚಿಂದ ಮಣ್ಣಿಗೆ ಇಳ್ಸೋಣ ಅಂದ್ರೆ ಅರ್ಧ ಅಡಿ ಗುಂಡಿ. ಅಂದ್ರೆ ಘಾಟಿ ಒಳಗೆ ನಿಲ್ಲೋದು ಅನ್ನೋ ಮಾತೇ ಇಲ್ಲ, ಏನಿದ್ರೂ ಮೇಲೆ ಸಕಲೇಶಪುರದಲ್ಲಿ ಮುಗಿಸ್ಕೋಬೇಕು, ಇಲ್ಲಾ ಕೆಳಗೆ ಗುಂಡ್ಯ, ನೆಲ್ಯಾಡಿವರೆಗೆ ತಡ್ಕೋಬೇಕು. ಸಕಲೇಶಪುರ ದಾಟಿದ ಮೇಲೆ ಹೈವೇ ಪಕ್ಕದಲ್ಲೇ ಮಂಜರಾಬಾದ್ ಕೋಟೆ ಇದೆ, 1792ರಲ್ಲಿ ಟಿಪ್ಪು ಕಟ್ಟಿಸಿದ ನಕ್ಷತ್ರದಾಕಾರದ್ದು, ಮೆಟ್ಲು ಹತ್ತೋಕೆ ಆಗೋರು ಕಾಲು ಬಿಡಿಸ್ಕೊಳ್ಳೋಕೆ ಒಳ್ಳೆ ಜಾಗ. ಅಮ್ಮ ಕೆಳಗೆ ಕಾರಲ್ಲೇ ಕೂತು ಕಡ್ಲೆಕಾಯಿ ತಿಂತಾಳೆ.

ಮಳೆ ಜೋರಾದ್ರೆ ಶಿರಾಡಿನ ನಂಬ್ಕೋಬೇಡಿ. 2022ರಲ್ಲಿ ದೋಣಿಗಾಲ್ ಹತ್ರ ರೋಡೇ ಕುಸಿದಿತ್ತು.

ಇನ್ನು ಚಾರ್ಮಾಡಿ. ನನ್ ಕೇಳಿದ್ರೆ ಇದೇ ಘಾಟಿ ಅಂದ್ರೆ ಘಾಟಿ. 2019ರ ಆಗಸ್ಟಲ್ಲಿ ಸಾಲುಸಾಲು ಗುಡ್ಡ ಕುಸಿದು ತಿಂಗಳುಗಟ್ಟಲೆ ಮುಚ್ಚಿತ್ತು, ಈಗ್ಲೂ ಆ ಗಾಯ ಅಲ್ಲಲ್ಲಿ ಕಾಣುತ್ತೆ. ದೊಡ್ಡ ದೊಡ್ಡ ಟ್ಯಾಂಕರ್ ಬಿಡಲ್ಲ ಅನ್ನೋದೇ ಅರ್ಧ ಸುಖ. ಕೊಟ್ಟಿಗೆಹಾರದಲ್ಲಿ ನಿಲ್ಲಿಸದೆ ಇಳಿಯೋರು ಇದ್ರೆ ಅವರ ಹತ್ರ ನನಗೆ ಮಾತಿಲ್ಲ. ಅಲ್ಲಿನ ನೀರ್ ದೋಸೆ ಹೆಸರು ಕೇಳಿರ್ತೀರ, ಹಂಚಿಂದ ಎತ್ತಿ ನಾಲ್ಕು ಮಡಿಕೆ ಮಾಡಿ ತಟ್ಟೆಗೆ ಬಿಡ್ತಾರೆ, ಆವಿ ಆಡೋ ದೋಸೆ, ಹೊರಗೆ ಮಂಜು, ಎರಡೂ ಒಂದೇ ಬಣ್ಣ, ನಾಲ್ಕು ತಿಂದ್ಮೇಲೂ ಏನೋ ತಿಂದಿಲ್ಲ ಅನ್ಸಿ ಇನ್ನೆರಡು ಹೇಳೋದು. ಅಮ್ಮಂಗೆ ಮಾತ್ರ ನಾನು ಎರಡಕ್ಕಿಂತ ಜಾಸ್ತಿ ತಿನ್ನಕ್ಕೆ ಬಿಡಲ್ಲ, ಕಾರಣ ಮುಂದಿನ ಹೇರ್‌ಪಿನ್‌ಗಳು. ಒಂದ್ಸಲ ಬಿಟ್ಟು ಅನುಭವಿಸಿದೀನಿ, ಮೂರನೇ ತಿರುವಿಗೇ "ನಿಲ್ಸೋ ನಿಲ್ಸೋ" ಅಂತ ಬಾಗ್ಲು ತೆಗ್ದಾಗಿತ್ತು.

ಆದ್ರೆ ನೋಡಿ, ನಿಲ್ಸೋಕೆ ಜಾಗ ಇತ್ತು! ತಡೆಗೋಡೆ ಪಕ್ಕ ಅಲ್ಲಲ್ಲಿ ಅಗಲ ಇದೆ, ಗಾಡಿ ಬದಿಗೆ ಹಾಕಿ ಇಳಿದ್ರೆ ಕಣಿವೆ ಪೂರ್ತಿ ಬಿಳಿ, ಒಂದು ನಿಮಿಷ ಏನೂ ಕಾಣಲ್ಲ, ಗಾಳಿ ಬೀಸಿದ್ರೆ ಎದುರು ಗುಡ್ಡ ಕಂಡು ಮತ್ತೆ ಮಾಯ. ಮುಖ ತೊಳ್ಕೊಳ್ಳೋಕೆ ಬಂಡೆ ಮೇಲಿಂದ ಬೀಳ್ತಿರೋ ಝರಿ ನೀರೇ ಸಾಕಾಯ್ತು. ಅಣ್ಣಪ್ಪ ಸ್ವಾಮಿ ಗುಡಿ ಹತ್ರ ಡ್ರೈವರ್‌ಗಳು ನಿಲ್ಲಿಸಿ ಕೈ ಮುಗಿದು ಹೋಗ್ತಾರೆ, ಅಮ್ಮಂದೂ ಅಲ್ಲೊಂದು ಸ್ಟಾಪು. ಕೊರತೆ ಅಂದ್ರೆ ಎರಡು. ಕೊಟ್ಟಿಗೆಹಾರ ಬಿಟ್ರೆ ಕೆಳಗೆ ಇಳಿಯೋವರೆಗೆ ಟಾಯ್ಲೆಟ್ ಅಂತ ನಂಬ್ಕೊಳ್ಳೋದು ನಂಗೆ ಸಿಕ್ಕಿಲ್ಲ. ಇನ್ನೊಂದು ಮಳೆಗಾಲದ ಭಾನುವಾರ, ಜಾರೋ ಬಂಡೆ ಹತ್ತಿ ರೀಲ್ಸ್ ಮಾಡೋರು, ರೋಡ್ ಮಧ್ಯ ಡಾನ್ಸು, ಬಿಯರ್ ಬಾಟ್ಲಿ ಚೂರು. ವಾರದ ದಿನ ಬೆಳಗ್ಗೆ ಹೋಗಿ, ಬೇರೆನೇ ಘಾಟಿ ಅನ್ಸುತ್ತೆ.

ಬಿಸಲೆಗೆ ಹೋಗಿದ್ದು ನನ್ನ ಹಠಕ್ಕೆ. ಪೆಟ್ರೋಲು, ತಿಂಡಿ, ಟಾಯ್ಲೆಟ್ ಎಲ್ಲಾ ಸಕಲೇಶಪುರದಲ್ಲೇ ಮುಗಿಸ್ಕೊಂಡು ಹೊರಡಿ, ಆಮೇಲೆ ಮೊಬೈಲಲ್ಲಿ ಸಿಗ್ನಲ್ ಹುಡುಕಬೇಡಿ. ಕಾಡು ಅಂದ್ರೆ ಮಧ್ಯಾಹ್ನ ಹನ್ನೆರಡಕ್ಕೆ ಹೆಡ್‌ಲೈಟ್ ಹಾಕೋವಷ್ಟು ಕಾಡು, ಎದುರಿಗೆ ಗಾಡಿ ಬಂದ್ರೆ ಯಾರಾದ್ರೂ ಒಬ್ರು ರಿವರ್ಸ್. ಮಂಕನಹಳ್ಳಿ ಹತ್ರ ರಿಡ್ಜ್ ಅಂತ ಕಲ್ಲಿದೆ. ಅದರ ಈ ಕಡೆ ಬಿದ್ದ ಮಳೆ ಹೇಮಾವತಿ ಸೇರಿ ಕಾವೇರಿ ಜೊತೆ ಬಂಗಾಳಕೊಲ್ಲಿಗೆ, ಆ ಕಡೆ ಬಿದ್ದಿದ್ದು ಕುಮಾರಧಾರೆ, ನೇತ್ರಾವತಿ ಮೂಲಕ ಅರಬ್ಬೀ ಸಮುದ್ರಕ್ಕೆ. ಇದನ್ನ ಹೇಳಿದ್ದೇ ತಡ ಅಮ್ಮ ಬಾಟ್ಲಿ ನೀರು ಎರಡೂ ಕಡೆ ಸುರಿದ್ಲು, "ಈ ಕಡೇದು ನಮ್ಮೂರಿಗೆ, ಆ ಕಡೇದು ನಿಮ್ಮಕ್ಕನ ಊರಿಗೆ ಹೋಗ್ಲಿ" ಅಂತ. ಬಿಸಲೆ ವ್ಯೂಪಾಯಿಂಟಲ್ಲಿ ಎದುರಿಗೇ ಕುಮಾರಪರ್ವತದ ಸಾಲು, ಕಾಲು ಗಂಟೆ ನಿಂತ್ವಿ, ಒಬ್ರೂ ಇಲ್ಲ, ಜಿಗಣೆ ಬಿಟ್ರೆ. ನೋಟಕ್ಕೆ ಫಸ್ಟ್ ಪ್ರೈಜ್ ಇದಕ್ಕೇ. ಆದ್ರೆ ಟೈರ್ ಪಂಕ್ಚರ್ ಆಗಿದ್ರೆ ಏನು ಗತಿ ಅಂತ ಸುಬ್ರಹ್ಮಣ್ಯ ಮುಟ್ಟೋವರೆಗೂ ನನ್ನ ಹೊಟ್ಟೇಲಿ ಕಲಸ್ತಾ ಇತ್ತು. ಮನೆ ಮುಟ್ಟಿದಾಗ ಭಾವ ಕೇಳಿದ್ದು ಒಂದೇ, "ಎಂತ ಮಾರಾಯ, ಅಮ್ಮನ್ನ ಕೂರ್ಸಿಕೊಂಡು ಬಿಸಲೆಯಲ್ಲಿ ಬಂದದ್ದಾ?"

ಈಗ ಅಮ್ಮ ಜೊತೆಗಿದ್ರೆ ಅಥವಾ ಕತ್ತಲಾದ್ರೆ ಶಿರಾಡಿ, ನಾನೊಬ್ನೇ ಇದ್ರೆ ಕಣ್ಣು ಮುಚ್ಕೊಂಡು ಚಾರ್ಮಾಡಿ. ಬಿಸಲೆಗೆ ಮಳೆ ನಿಂತ ಮೇಲೆ, ಎರಡು ಗಾಡಿ ಜೊತೆಗಿದ್ರೆ ಮಾತ್ರ. ಅಮ್ಮಂಗೆ ಇದು ಒಪ್ಪಿಗೆ ಇಲ್ಲ. ಹೋದ ಸಲ ಬೇಲೂರು ಕ್ರಾಸ್ ಬಿಟ್ಟು ಶಿರಾಡಿ ಕಡೆ ತಿರುಗಿಸ್ದಾಗ ಕೇಳಿದ್ಲು, ಕೊಟ್ಟಿಗೆಹಾರದಲ್ಲಿ ದೋಸೆ ತಿಂದು ವಾಪಸ್ ಬಂದು ಶಿರಾಡಿ ಇಳಿಯೋಕಾಗಲ್ವೇನೋ ಅಂತ. ನಗು ಬಂತು, ಆಮೇಲೆ ಮ್ಯಾಪ್ ತೆಗ್ದು ನೋಡ್ದೆ. ಮೂಡಿಗೆರೆಯಿಂದ ಹಾನುಬಾಳು ಮೇಲೆ ಸಕಲೇಶಪುರಕ್ಕೆ ರೋಡಿದೆ.