ಅಡಿಕೆ ಗಾಡಿಗೆ ಜಿಪಿಎಸ್ ಹಾಕಿಸುವ ಮುನ್ನ

ಕಳೆದ ಹಂಗಾಮಿನಲ್ಲಿ ನಮ್ಮ ಮನೆಯ ರಾಶಿ ಅಡಿಕೆಯ 22 ಚೀಲಗಳನ್ನು ಹೊಸನಗರ ತಾಲ್ಲೂಕಿನ ನಿಟ್ಟೂರು ಕಡೆಯಿಂದ ಶಿವಮೊಗ್ಗದ ಮಂಡಿಗೆ ಬಾಡಿಗೆ ಪಿಕಪ್‌ನಲ್ಲಿ ಕಳುಹಿಸಿದೆ. ಜೊತೆಗೆ ಹೋಗಲು ಮನೆಯಲ್ಲಿ ಯಾರೂ ಇರಲಿಲ್ಲ. ನಾವು ಅಕ್ಕಪಕ್ಕದ ನಾಲ್ಕು ಮನೆಯವರು ಸೇರಿ ಖರೀದಿಸಿ ಆ ಗಾಡಿಗೆ ಹಾಕಿಸಿದ್ದ ಜಿಪಿಎಸ್ ಸಾಧನವೊಂದಿತ್ತು. ಅದನ್ನು ನಂಬಿ ನಾನು ಮೊಬೈಲ್ ನೋಡುತ್ತಾ ಮನೆಯಲ್ಲೇ ಉಳಿದೆ. ಗಾಡಿ ಮಂಡಿ ತಲುಪಿತು, 22 ಚೀಲಗಳೂ ಇಳಿದವು, ತೂಕವೂ ಹೆಚ್ಚುಕಡಿಮೆ ಸರಿಯಾಗಿತ್ತು. ಆದರೆ ಮಾಲು ಹರವಿ ನೋಡಿದ ಮಂಡಿಯವರು, ನಾಲ್ಕು ಚೀಲಗಳಲ್ಲಿ ಮೇಲಿನ ಒಂದು ಪದರ ಬಿಟ್ಟರೆ ಉಳಿದದ್ದೆಲ್ಲ ರಾಶಿಗಿಂತ ಕಡಿಮೆ ಬೆಲೆಯ ಗೊರಬಲು ಅಡಿಕೆ ಎಂದು ಫೋನ್ ಮಾಡಿದರು. ನನಗಾದ ನಷ್ಟ 30,000 ರೂಪಾಯಿಗೂ ಮೇಲೆ.

ಮರುದಿನ ಹೋಗಿ ಚೀಲಗಳನ್ನು ನೋಡಿದೆ. ನಮ್ಮ ಮನೆಯಲ್ಲಿ ಚೀಲದ ಬಾಯಿ ಹೊಲಿಯುವುದು ನೀಲಿ ನೈಲಾನ್ ದಾರದಿಂದ. ಆ ನಾಲ್ಕು ಚೀಲಗಳ ಬಾಯಿಯಲ್ಲಿ ಬಿಳಿ ದಾರವಿತ್ತು. ಪಕ್ಕದಲ್ಲಿ ಹಳೆಯ ಹೊಲಿಗೆಯ ತೂತುಗಳು ಹಾಗೆಯೇ ಕಾಣುತ್ತಿದ್ದವು, ಒಂದು ತೂತಿನಲ್ಲಿ ನೀಲಿ ದಾರದ ಎಳೆಯೊಂದು ಉಳಿದುಕೊಂಡಿತ್ತು. ಅಂದರೆ ದಾರಿಯಲ್ಲಿ ಎಲ್ಲೋ ಗಾಡಿ ನಿಂತಿದೆ, ಚೀಲ ಬಿಚ್ಚಿ, ಮಾಲು ಬದಲಿಸಿ, ಮತ್ತೆ ಹೊಲಿಯುವಷ್ಟು ಹೊತ್ತು ನಿಂತಿದೆ.

ಆಮೇಲೆ ಆ ದಿನದ ಓಡಾಟದ ನಕ್ಷೆಯನ್ನು ತೆರೆದು ನಿಧಾನವಾಗಿ ನೋಡಿದೆ. ನಿಟ್ಟೂರು ದಾಟಿದ ಮೇಲಿನ ಒಂದು ಬಿಂದುವಿನಿಂದ ಹೊಸನಗರದ ಹತ್ತಿರದ ಇನ್ನೊಂದು ಬಿಂದುವಿಗೆ, ಲಿಂಗನಮಕ್ಕಿ ಹಿನ್ನೀರಿನ ಮೇಲೆ ಹಾಯ್ದು, ಸ್ಕೇಲ್ ಇಟ್ಟು ಎಳೆದಂತಹ ನೇರ ಗೆರೆಯೊಂದಿತ್ತು. ಎರಡು ಬಿಂದುಗಳ ನಡುವಿನ ಅಂತರ 1 ಗಂಟೆ 50 ನಿಮಿಷ. ಆ ದಾರಿ ಕ್ರಮಿಸಲು ಒಂದು ಗಂಟೆಯೂ ಬೇಡ. ಅಷ್ಟು ಹೊತ್ತು ಗಾಡಿ ಎಲ್ಲಿತ್ತು ಎಂಬುದು ಆ ಸಾಧನಕ್ಕೆ ಗೊತ್ತಿರಲಿಲ್ಲ. ಗೊತ್ತಿಲ್ಲದ ಜಾಗದಲ್ಲಿ ಅದರ ಆ್ಯಪ್ ಒಂದು ಗೆರೆ ಎಳೆದು ಎರಡು ತುದಿಗಳನ್ನು ಸೇರಿಸಿಬಿಟ್ಟಿತ್ತು. ಗಾಡಿ ಹೋಗುತ್ತಿದ್ದಾಗ ನಾನು ನೋಡಿದ್ದು ನಿಂತ ಚುಕ್ಕೆಯನ್ನು, ನೆಟ್‌ವರ್ಕ್ ಇರಲಿಕ್ಕಿಲ್ಲ ಎಂದು ಸುಮ್ಮನಾದೆ. ಚುಕ್ಕೆಯ ಕೆಳಗೆ ಕೊನೆಯ ಮಾಹಿತಿ ಬಂದ ಹೊತ್ತನ್ನು ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ, ಅದನ್ನು ಆ ದಿನ ಗಮನಿಸಲೇ ಇಲ್ಲ.

ಸಾಧನ ಮಾರಿದವರು, "ಸ್ಯಾಟಲೈಟ್ ಅಲ್ವಾ ಸಾರ್, ಕಾಡಲ್ಲೂ ಸಿಗುತ್ತೆ" ಎಂದಿದ್ದರು. ಈ ಮಾತಿಗೆ ದಯವಿಟ್ಟು ಯಾರೂ ಮರುಳಾಗಬೇಡಿ. ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತಾ ಸಂಕೇತಗಳನ್ನು ಕಳುಹಿಸುತ್ತವೆ, ಅಷ್ಟೇ. ಅವು ನಮ್ಮ ಗಾಡಿಯನ್ನು ನೋಡುವುದಿಲ್ಲ. ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತ ಹಿಡಿದು ತಾನು ಎಲ್ಲಿದ್ದೇನೆಂದು ಲೆಕ್ಕ ಹಾಕುವುದು ಗಾಡಿಯೊಳಗಿನ ಸಾಧನ. ಆ ಲೆಕ್ಕ ನಮ್ಮ ಮೊಬೈಲ್‌ಗೆ ಬರಬೇಕಾದರೆ ಸಾಧನದೊಳಗಿನ ಸಿಮ್‌ಗೆ ಟವರ್ ಸಿಗಬೇಕು. ಮಲೆನಾಡಿನಲ್ಲಿ ಆಕಾಶ ಕಾಣುವ ಎಷ್ಟೋ ಕಡೆ ಟವರ್ ಸಿಗುವುದಿಲ್ಲ ಎಂಬುದು ಇಲ್ಲಿ ಬಾಳುವವರಿಗೆ ಹೇಳಬೇಕಾದ ವಿಷಯವಲ್ಲ, ಆದರೂ ಕೊಳ್ಳುವಾಗ ನನಗೆ ಅದು ಹೊಳೆಯಲಿಲ್ಲ.

ಒಳ್ಳೆಯ ಸಾಧನವು ಟವರ್ ಇಲ್ಲದ ಹೊತ್ತಿನ ಬಿಂದುಗಳನ್ನು ತನ್ನೊಳಗೆ ಉಳಿಸಿಕೊಂಡು, ಟವರ್ ಸಿಕ್ಕೊಡನೆ ಒಟ್ಟಿಗೆ ಕಳುಹಿಸುತ್ತದೆ. ಬಸ್ಸು, ಟ್ಯಾಕ್ಸಿಗಳ ಸಾಧನಗಳಿಗಾಗಿ ನಮ್ಮ ದೇಶದಲ್ಲಿ ರೂಪಿಸಿರುವ ಎಐಎಸ್ 140 ಎಂಬ ಮಾನದಂಡವು ಕನಿಷ್ಠ 40,000 ಬಿಂದುಗಳನ್ನು ಉಳಿಸಿಕೊಳ್ಳುವ ಶಕ್ತಿಯನ್ನೂ, ಗಾಡಿಯ ಬ್ಯಾಟರಿಯ ತಂತಿ ಕಿತ್ತರೂ ನಡೆಯುವಂತೆ ಒಳಬ್ಯಾಟರಿಯನ್ನೂ ಕೇಳುತ್ತದೆ. ನಾವು ಕೊಂಡಿದ್ದ ಅಗ್ಗದ ಸಾಧನದಲ್ಲಿ ಎರಡೂ ಇರಲಿಲ್ಲ. ಹೀಗಾಗಿ ಆ 1 ಗಂಟೆ 50 ನಿಮಿಷ ಟವರ್ ಸಿಗದೆ ಕಳೆದದ್ದೋ ಯಾರಾದರೂ ತಂತಿ ಕಿತ್ತದ್ದೋ ಎಂಬುದನ್ನೂ ಹೇಳಲಾಗುತ್ತಿಲ್ಲ, ಮತ್ತು ಅದೇ ಕಾರಣಕ್ಕೆ ಚಾಲಕನ ಮೇಲೆ ಇಲ್ಲಿ ಆರೋಪ ಹೊರಿಸುವ ಹಕ್ಕು ನನಗಿಲ್ಲ.

ಕೊಳ್ಳುವವರು ಹಣ ಕೊಡುವ ಮೊದಲು, ಟವರ್ ಇಲ್ಲದಾಗಿನ ಬಿಂದುಗಳು ಉಳಿಯುತ್ತವೆಯೇ, ತಂತಿ ಕಿತ್ತರೆ ಮೊಬೈಲ್‌ಗೆ ಎಚ್ಚರಿಕೆ ಬರುತ್ತದೆಯೇ, ಒಳಗಿರುವುದು ಯಾವ ಕಂಪನಿಯ ಸಿಮ್ ಎಂದು ಕೇಳಿ, ಗಾಡಿ ಹೋಗುವ ದಾರಿಯಲ್ಲೇ ಒಂದು ಸಲ ಓಡಿಸಿ ನೋಡಿ. ಸಾಧನ ಎಷ್ಟೇ ಚೆನ್ನಾಗಿರಲಿ, ಅದು ಕಾಯುವುದು ಗಾಡಿಯನ್ನು, ಚೀಲದೊಳಗಿನ ಅಡಿಕೆಯನ್ನಲ್ಲ. ನಾನೀಗ ಪ್ರತಿ ಚೀಲದ ಬಾಯಿಗೆ ನಂಬರಿರುವ ಪ್ಲಾಸ್ಟಿಕ್ ಸೀಲ್ ಹಾಕಿ, ಹೊಲಿಗೆ ಮತ್ತು ನಂಬರ್ ಎರಡೂ ಕಾಣುವಂತೆ ಫೋಟೊ ತೆಗೆದು, ಗಾಡಿ ಹೊರಡುವ ಮೊದಲೇ ಮಂಡಿಗೆ ಕಳುಹಿಸುತ್ತೇನೆ. ನಂಬರ್ ತಾಳೆಯಾಗದೆ ಚೀಲ ಬಿಚ್ಚಬೇಡಿ ಎಂದು ಅವರಿಗೆ ಹೇಳಿಟ್ಟಿದ್ದೇನೆ.

ಇನ್ನೊಂದು ವಿಷಯವನ್ನು ನಾನು ತಡವಾಗಿ ಕಲಿತೆ. ಠಾಣೆಯಲ್ಲಿ ದೂರು ಕೊಟ್ಟಾಗ ಅವರು ಕೇಳಿದ್ದು ಆ ದಿನದ ಪೂರ್ತಿ ದಾಖಲೆಯನ್ನು. ಮೊದಲು ಬಾಡಿಗೆಯವರೊಡನೆ ಮಾತಾಡಿ ಬಗೆಹರಿಸಿಕೊಳ್ಳೋಣ ಎಂದು ನಾನು ಐದು ವಾರ ಕಳೆದಿದ್ದೆ. ಮಾರಿದವರನ್ನು ಕೇಳಿದರೆ, ತಮ್ಮ ಸರ್ವರ್‌ನಲ್ಲಿ 30 ದಿನಗಳ ಮಾಹಿತಿ ಮಾತ್ರ ಇರುತ್ತದೆ, ಅದಕ್ಕಿಂತ ಹಳೆಯದು ತಾನಾಗಿಯೇ ಅಳಿಸಿಹೋಗುತ್ತದೆ ಎಂದರು. ಹಿನ್ನೀರಿನ ಮೇಲಿನ ಆ ಗೆರೆಯ ಒಂದು ಸ್ಕ್ರೀನ್‌ಶಾಟ್ ಬಿಟ್ಟರೆ ನನ್ನ ಬಳಿ ಈಗ ಬೇರೇನೂ ಇಲ್ಲ. ಮಾಲಿನಲ್ಲಿ ಸ್ವಲ್ಪ ವ್ಯತ್ಯಾಸ ಕಂಡರೂ ಅದೇ ಸಂಜೆ ಆ ದಿನದ ದಾಖಲೆಯನ್ನು ಇಳಿಸಿಟ್ಟುಕೊಳ್ಳಿ.