ಆಸ್ಪತ್ರೆ, ಮನೆ, ಫೋನು: ಮಕ್ಕಳ ಕಾಯಿಲೆಯ ಮಾತು ಎಲ್ಲಿ ಬಾಯಿಗೆ ಬರುತ್ತದೆ?

ಟೈಪ್ 1 ಡಯಾಬಿಟಿಸ್, ಅಂದರೆ ದಿನವೂ ಇನ್ಸುಲಿನ್ ಚುಚ್ಚಿಸಿಕೊಳ್ಳಲೇಬೇಕಾದ ಸಕ್ಕರೆ ಕಾಯಿಲೆ ಇರುವ ಮಕ್ಕಳ ಮನೆಯಲ್ಲಿ ದಿನ ಹೇಗೆ ಕಳೆಯುತ್ತದೆ? ಇದನ್ನು ತಿಳಿಯುವ ಒಂದು ಅಧ್ಯಯನಕ್ಕೆ ನಾನು ಬೆಂಗಳೂರಿನಲ್ಲಿ ಸಂಯೋಜಕಿಯಾಗಿದ್ದೆ. ಇದು ಗುಣಾತ್ಮಕ ಸಂಶೋಧನೆ. ಜನ ಏನು ಹೇಳುತ್ತಾರೆ, ಅದನ್ನು ಹೇಗೆ ಹೇಳುತ್ತಾರೆ ಎಂಬುದೇ ಇಲ್ಲಿ ಬಂಡವಾಳ. ಯಾರನ್ನು, ಯಾವಾಗ, ಎಲ್ಲಿ ಮಾತಾಡಿಸಬೇಕು ಎಂದು ಗೊತ್ತು ಮಾಡುವುದು ನನ್ನ ಕೆಲಸ. ಆಸ್ಪತ್ರೆ, ಮನೆ, ಫೋನು ಮೂರನ್ನೂ ಮಾಡಿ ನೋಡಿದೆವು. ಒಮ್ಮೆ ಗುಂಪನ್ನೂ ಕೂರಿಸಿದೆವು.

ಆಸ್ಪತ್ರೆಯಿಂದ ಶುರು ಮಾಡಿದೆವು, ಅದೇ ಸುಲಭ ಅನ್ನಿಸಿತ್ತು. ಓಪಿಡಿ ದಿನ ಎಲ್ಲರೂ ಅಲ್ಲೇ ಇರುತ್ತಾರೆ, ಒಂದು ಕೋಣೆ ಸಿಕ್ಕರೆ ಸಾಕು. 2023ರಲ್ಲಿ ಶಕ್ತಿ ಯೋಜನೆ ಬಂದ ಮೇಲೆ ದೂರದ ತಾಯಂದಿರಿಗೂ ಬಸ್ ಖರ್ಚಿನ ಚಿಂತೆ ಇಲ್ಲ. ಆದರೆ ಆ ತಾಯಿಯ ಕಿವಿ ಪೂರ್ತಿ ಹೊರಗಡೆ ಇರುತ್ತದೆ. ಟೋಕನ್ ನಂಬರ್ ಕೂಗಿದರೇ? ಔಷಧಿ ಕೌಂಟರ್ ಮುಚ್ಚಿಬಿಟ್ಟರೇ? ಸಂಜೆಯೊಳಗೆ ಮೆಜೆಸ್ಟಿಕ್ ತಲುಪಬೇಕಲ್ವಾ? ನನ್ನ ಕೊರಳಲ್ಲಿ ಗುರುತಿನ ಚೀಟಿ ಇತ್ತು, ಹಾಗಾಗಿ ನಾನೂ ಅವರಿಗೆ ಆಸ್ಪತ್ರೆಯವಳೇ. ಡಾಕ್ಟರ್ ಕೇಳಿದರೆ ಏನು ಹೇಳಬೇಕೋ ಅದನ್ನೇ ನನಗೂ ಹೇಳುತ್ತಿದ್ದರು. "ಎಲ್ಲಾ ಸರಿಯಾಗಿ ಮಾಡ್ತೀವಿ ಮೇಡಂ." ಹದಿನೈದು ನಿಮಿಷದಲ್ಲಿ ಮಾತು ಮುಗಿಯುತ್ತಿತ್ತು.

ಪೀಣ್ಯದ ಕಡೆಯ ಒಬ್ಬ ತಾಯಿ, ಗಾರ್ಮೆಂಟ್ಸ್‌ನಲ್ಲಿ ಕೆಲಸ. ಇನ್ಸುಲಿನ್ ಎಲ್ಲಿ ಇಡುತ್ತೀರಿ ಎಂದು ಆಸ್ಪತ್ರೆಯಲ್ಲಿ ಕೇಳಿದಾಗ "ಫ್ರಿಜ್‌ನಲ್ಲಿ" ಎಂದರು. ಬರೆದುಕೊಂಡೆ. ಮೂರು ವಾರದ ನಂತರ ಒಂದು ಭಾನುವಾರ ಅವರ ಮನೆಗೆ ಹೋದೆ. ಒಂದೇ ಕೋಣೆ, ಪಕ್ಕದಲ್ಲೇ ಅಡುಗೆ ಕಟ್ಟೆ. ಫ್ರಿಜ್ ಇರಲಿಲ್ಲ. ಇದ್ದದ್ದು ಎದುರುಮನೆಯಲ್ಲಿ. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿರಬೇಕು ಎಂದು ಅವರಿಗೆ ಚೆನ್ನಾಗಿ ಗೊತ್ತು. ಅದಕ್ಕೇ ಡಬ್ಬಿಯೊಳಗೆ ಸುತ್ತಿಟ್ಟು ಎದುರುಮನೆಗೆ ಕೊಟ್ಟಿದ್ದರು. "ನನ್ನ ಔಷಧಿ ಅಂತ ಹೇಳಿದೀನಿ. ಹುಡುಗಿಗೆ ಸಕ್ಕರೆ ಕಾಯಿಲೆ ಅಂತ ಗೊತ್ತಾದ್ರೆ ನಾಳೆ ಮದುವೆಗೆ ಕಷ್ಟ ಅಲ್ವಾ?" ಆ ಹುಡುಗಿಗೆ ಆಗ ಒಂಬತ್ತು ವರ್ಷ. ಎದುರುಮನೆಯವರು ಊರಿಗೆ ಹೋಗಿ ಬೀಗ ಹಾಕಿದ ದಿನ ಏನು ಮಾಡುತ್ತೀರಿ ಎಂದು ಕೇಳಿದೆ. ಅವರು ಉತ್ತರ ಕೊಡಲಿಲ್ಲ. ಎದ್ದು ಕಾಫಿಗೆ ನೀರಿಟ್ಟರು.

ಇಡೀ ಅಧ್ಯಯನದಲ್ಲಿ ನನ್ನ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತದ್ದು ಈ ಮನೆ. ಆಸ್ಪತ್ರೆಯಲ್ಲಿ ಅವರು ಸುಳ್ಳು ಹೇಳಿರಲಿಲ್ಲ, ನನ್ನ ಪ್ರಶ್ನೆ ಅಲ್ಲಿಗೇ ನಿಂತಿತ್ತು. ಇಂಥದ್ದು ಕಂಡರೆ ಏನು ಮಾಡಬೇಕು ಎಂದು, ಸಂಶೋಧನೆಗೆ ಅನುಮತಿ ಕೊಡುವ ನೈತಿಕ ಸಮಿತಿಗೆ ಮೊದಲೇ ಬರೆದುಕೊಟ್ಟಿದ್ದೆವು. ತಾಯಿಯ ಒಪ್ಪಿಗೆ ಪಡೆದು ನರ್ಸ್ ಅಕ್ಕನಿಗೆ ತಿಳಿಸಿದೆ. ಒದ್ದೆ ಮಣ್ಣಿನ ಮಡಿಕೆಯಲ್ಲಿ ಇನ್ಸುಲಿನ್ ಇಡುವುದು ಹೇಗೆ ಎಂದು ಅವರು ತೋರಿಸಿಕೊಟ್ಟರು. ನೀರು ಆರುತ್ತಾ ಮಡಿಕೆ ತಣ್ಣಗಾಗುತ್ತದೆ. ಫ್ರಿಜ್‌ನಷ್ಟು ತಂಪು ಬರುವುದಿಲ್ಲ, ಆದರೂ ಬೇಸಿಗೆಯ ಬಿಸಿಯಿಂದ ಕಾಪಾಡುತ್ತದೆ.

ಮನೆಗೆ ಹೋಗುವುದರಲ್ಲಿ ತೊಂದರೆಯೂ ಇದೆ. ಅತ್ತೆ ಪಕ್ಕದಲ್ಲಿ ಕೂತರೆ ಸೊಸೆಯ ಬಾಯಿ ಕಟ್ಟಿತು. ನಾನು ಹೊರಟ ಮೇಲೆ "ಯಾರು ಬಂದಿದ್ದು?" ಎಂದು ಅಕ್ಕಪಕ್ಕದವರು ಕೇಳುತ್ತಾರೆ, ಉತ್ತರ ಹೇಳಬೇಕಾದವಳು ತಾಯಿ. ಟ್ರಾಫಿಕ್‌ನಲ್ಲಿ ದಿನಕ್ಕೆ ಎರಡು ಮನೆ ಆದರೆ ಜಾಸ್ತಿ. ಆದರೂ ಮಕ್ಕಳನ್ನು ಮಾತಾಡಿಸಲು ಮನೆಯೇ ಸರಿ. ಐಸಿಎಂಆರ್‌ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ತಂದೆತಾಯಿ ಸಹಿ ಹಾಕಿದರಷ್ಟೇ ಸಾಲದು. 7 ವರ್ಷ ದಾಟಿದ ಮಗುವಿನ ಒಪ್ಪಿಗೆಯನ್ನು ಬಾಯಿಮಾತಿನಲ್ಲಿ ಕೇಳಬೇಕು, 12 ದಾಟಿದವರಿಂದ ಬರವಣಿಗೆಯಲ್ಲಿ ಪಡೆಯಬೇಕು. ಆಸ್ಪತ್ರೆಯಲ್ಲಿ ಒಪ್ಪಿಗೆ ಕೇಳಿದರೆ ಮಗು ಅಮ್ಮನ ಮುಖ ನೋಡಿ ತಲೆ ಆಡಿಸುತ್ತಿತ್ತು. ತನ್ನ ಚಾಪೆಯ ಮೇಲೆ ಕೂತ ಒಬ್ಬ ಹುಡುಗ ಮಾತ್ರ "ಬೇಡ, ನಾನು ಆಡಕ್ಕೆ ಹೋಗ್ತೀನಿ" ಎಂದ. ಹೋಗಲು ಬಿಟ್ಟೆ. ಬೇಡ ಅನ್ನಲು ಜಾಗ ಇದ್ದರೆ ತಾನೇ ಅದು ಒಪ್ಪಿಗೆ?

ಫೋನಿನ ಮೇಲೆ ನನಗೆ ನಂಬಿಕೆ ಇರಲಿಲ್ಲ. ಮುಖ ಕಾಣುವುದಿಲ್ಲ, ಸಿಗ್ನಲ್ ಹೋಗುತ್ತದೆ, ರೆಕಾರ್ಡ್ ಮಾಡಲು ಮತ್ತೆ ಒಪ್ಪಿಗೆ ಕೇಳಬೇಕು. ಆದರೆ ರಾತ್ರಿ ಹತ್ತರ ಮೇಲೆ ಮಕ್ಕಳು ಮಲಗಿದಾಗ ತಾಯಂದಿರು ತಾವಾಗಿಯೇ ಮಾತಾಡಿದರು. "ನಡುರಾತ್ರಿ ಎದ್ದು ಮೈ ಮುಟ್ಟಿ ನೋಡ್ತೀನಿ. ಬೆವರಿದ್ರೆ ಜೀವ ಹೋದ ಹಾಗಾಗುತ್ತೆ." ಸಕ್ಕರೆ ಇಳಿದಾಗ ಮಗು ಬೆವರುತ್ತದೆ, ಆ ಭಯ ಅದು. ನಮ್ಮ ತಂಡದಲ್ಲಿ ಒಬ್ಬರು ಇದನ್ನು ಇಂಗ್ಲಿಷಿಗೆ ತಂದಾಗ 'ಆತಂಕ' ಎಂಬ ಒಂದೇ ಪದ ಉಳಿಯಿತು. ಅಂದಿನಿಂದ ಮೊದಲ ಸುತ್ತಿನ ಕೋಡಿಂಗ್, ಅಂದರೆ ಜನರ ಮಾತುಗಳಿಗೆ ವಿಷಯದ ಗುರುತು ಹಾಕಿ ವಿಂಗಡಿಸುವ ಕೆಲಸ, ಕನ್ನಡದಲ್ಲೇ ಆಗಬೇಕು ಎಂದು ಹಟ ಹಿಡಿದೆ.

ಅಪ್ಪಂದಿರು ಸಿಕ್ಕಿದ್ದೂ ಫೋನಿನಲ್ಲೇ. ಓಪಿಡಿಗೆ ಅವರು ಬರುವುದು ಕಡಿಮೆ. ಲಗ್ಗೆರೆಯ ಒಬ್ಬ ಆಟೋ ಚಾಲಕರು ಸ್ಟ್ಯಾಂಡಿನಲ್ಲಿ ಗಾಡಿ ನಿಲ್ಲಿಸಿಕೊಂಡು ನಲವತ್ತು ನಿಮಿಷ ಮಾತಾಡಿದರು. ಮಗನಿಗೆ ಮೊದಲ ಸೂಜಿ ಚುಚ್ಚಿದ ದಿನ ಕೈ ನಡುಗಿದ್ದನ್ನು ಹೆಂಡತಿಗೂ ಹೇಳಿಲ್ಲವಂತೆ.

ಗುಂಪಿನ ಮಾತುಕತೆ ನಮ್ಮ ಕೆಲಸಕ್ಕೆ ಅಷ್ಟಾಗಿ ಒದಗಲಿಲ್ಲ. ಒಬ್ಬರೇ ಮಾತಾಡಿದರು, ಉಳಿದವರು ಹೌದು ಹೌದು ಎಂದರು. ಮುಗಿದ ಮೇಲೆ ತಾಯಂದಿರು ಪರಸ್ಪರ ನಂಬರ್ ತೆಗೆದುಕೊಂಡರು, ಅದು ಒಳ್ಳೆಯದೇ ಆಯಿತು.

ಒಂದನ್ನೇ ಆರಿಸು ಎಂದರೆ ತಂದೆತಾಯಿಗೆ ಫೋನು, ಮಗುವಿಗೆ ಮನೆ ಎನ್ನುತ್ತೇನೆ. ಆಸ್ಪತ್ರೆ ಪರಿಚಯಕ್ಕೆ ಸಾಕು. ಅಲ್ಲಿ ಮುಖ ನೋಡಿದ್ದರೆ ಮಾತ್ರ ರಾತ್ರಿ ಫೋನ್ ಎತ್ತುತ್ತಾರೆ. ಎತ್ತುವವರು ಯಾರು ಎಂಬುದೂ ಮುಖ್ಯ. ಹಲವು ಮನೆಗಳಲ್ಲಿ ಇರುವುದು ಗಂಡನ ಫೋನ್ ಒಂದೇ. ಅದಕ್ಕೇ ಈಗ ನನ್ನ ಪಟ್ಟಿಯಲ್ಲಿ ಹೆಸರಿನ ಪಕ್ಕದ ಕಾಲಂನಲ್ಲೇ ಬರೆದಿರುತ್ತೇನೆ: ಫೋನ್ ಯಾರದ್ದು, ಎಷ್ಟು ಹೊತ್ತಿಗೆ ಅವರ ಕೈಗೆ ಬರುತ್ತದೆ.