ಹೊಸ ಬಣ್ಣ ಬಳಿದ ಯುದ್ಧಪೂರ್ವದ ಡಿಂಕಿ ಕಾರುಗಳ ಬಗ್ಗೆ ಒಂದು ಎಚ್ಚರಿಕೆ

ಎರಡನೆಯ ಮಹಾಯುದ್ಧಕ್ಕೆ ಮೊದಲು ಬ್ರಿಟನ್ನಿನಲ್ಲಿ ತಯಾರಾದ ಡಿಂಕಿ ಎಂಬ ಲೋಹದ ಆಟಿಕೆ ಕಾರುಗಳಿಗೆ ಹೊಸ ಬಣ್ಣ ಬಳಿದು, ‘ರಿಸ್ಟೋರ್ ಮಾಡಿದ್ದು’ ಎಂದು ಹೇಳಿ ಮಾರುವವರು ನಮ್ಮ ಸಂಗ್ರಾಹಕರ ವಲಯದಲ್ಲಿ ಇದ್ದಾರೆ. ಅವರೆಲ್ಲರೂ ಮೋಸಗಾರರೆಂದು ನಾನು ಹೇಳುತ್ತಿಲ್ಲ. ಆದರೆ ಹಳೆಯ ಬಣ್ಣವನ್ನು ಕಿತ್ತ ಮೇಲೆ, ಹೊಸ ಬಣ್ಣ ಬಳಿಯುವುದಕ್ಕೆ ಮೊದಲು ತೆಗೆದ, ಬರಿಯ ಲೋಹ ಕಾಣುವ ಫೋಟೋಗಳನ್ನು ತೋರಿಸಲು ಒಪ್ಪದ ಯಾರಿಂದಲೂ ಅಂಥ ಕಾರನ್ನು ಕೊಳ್ಳಬೇಡಿ. ಈ ಮಾತನ್ನು ಇಷ್ಟು ಖಡಾಖಂಡಿತವಾಗಿ ಹೇಳಲು ಕಾರಣವಾದ ಪ್ರಸಂಗವನ್ನು ಕೆಳಗೆ ವಿವರಿಸಿದ್ದೇನೆ.

ನಾನು ಕೊಂಡದ್ದು ಡಿಂಕಿಯ 39ನೆಯ ಸರಣಿಯ ಪ್ಯಾಕಾರ್ಡ್. ಅಮೆರಿಕದ ಆರು ಕಾರುಗಳ ಈ ಸರಣಿ 1939ರಲ್ಲಿ ಮಾರುಕಟ್ಟೆಗೆ ಬಂದು, ಯುದ್ಧದ ಕಾಲದಲ್ಲಿ ನಿಂತು, ಯುದ್ಧ ಮುಗಿದ ಬಳಿಕ ಅವೇ ಅಚ್ಚುಗಳಿಂದ ಮತ್ತೆ ತಯಾರಾಯಿತು. ಕೆಳಗಿನ ತಗಡಿಗೆ ಕಪ್ಪು ಬಣ್ಣವಿದ್ದರೆ ಯುದ್ಧಾನಂತರದ್ದು, ಬಣ್ಣವಿಲ್ಲದೆ ಬೆಳ್ಳಗೆ ಹೊಳೆಯುತ್ತಿದ್ದರೆ ಯುದ್ಧಪೂರ್ವದ್ದು ಎಂಬುದು ಸಂಗ್ರಾಹಕರಿಗೆ ತಿಳಿದಿರುವ ಗುರುತು. ಹೊರರಾಜ್ಯದ ಮಾರಾಟಗಾರರೊಬ್ಬರು, ಬಣ್ಣದ ಕೆಲಸದಲ್ಲಿ ಹೆಸರಾದವರು, ಯುದ್ಧಪೂರ್ವದ ಪ್ರತಿಯೆಂದು ಹೇಳಿ, ಅಸಲು ಬಣ್ಣವಿರುವ ಒಳ್ಳೆಯ ಪ್ರತಿಗೆ ಕೇಳುವಷ್ಟೇ ಬೆಲೆಯನ್ನು ಕೇಳಿದರು. ಲೋಹದ ಸ್ಥಿತಿ ಹೇಗಿದೆ ಎಂದು ನಾನು ಬರೆದು ಕೇಳಿದ್ದಕ್ಕೆ, ‘ಮೆಟಲ್ ಗಟ್ಟಿಯಾಗಿದೆ ಸರ್, ಒಂದು ಬಿರುಕೂ ಇಲ್ಲ, ಬಣ್ಣ ಮಾತ್ರ ಹೊಸದು’ ಎಂದು ಅವರೂ ಬರೆದೇ ಉತ್ತರಿಸಿದರು. ಒಳಭಾಗದ ಫೋಟೋ ಕೇಳಿದಾಗ, ತಳದ ತಗಡನ್ನು ಬಿಚ್ಚಿದರೆ ಅಸಲುತನ ಹಾಳಾಗುತ್ತದೆ ಎಂದರು. ಆ ಕಾರಣ ಕೇಳುವುದಕ್ಕೆ ಸರಿಯಾಗಿಯೇ ಇತ್ತು. ಆದರೆ ತಗಡನ್ನು ಅವರು ಆ ಮೊದಲೇ ಒಮ್ಮೆ ಬಿಚ್ಚಿದ್ದರು ಎಂಬುದು ನನಗೆ ತಿಳಿದದ್ದು ಆಮೇಲೆ.

ಬೇಸಿಗೆಯಲ್ಲಿ ಮಂಗಳೂರಿನ ನನ್ನ ಮನೆಗೆ ಬಂದಾಗ ಆ ಪ್ಯಾಕಾರ್ಡ್ ನೋಡಲು ನಿಜಕ್ಕೂ ಚೆನ್ನಾಗಿತ್ತು. ಮಳೆಗಾಲ ಬಲಿತು ಆಟಿ ತಿಂಗಳು ಬರುವ ಹೊತ್ತಿಗೆ ಮುಂದಿನ ಕಿಟಕಿಯ ಮೂಲೆಯಿಂದ ಬಾನೆಟ್ಟಿನ ಕಡೆಗೆ ಕೂದಲೆಳೆಯಷ್ಟು ತೆಳುವಾದ ಗೆರೆಯೊಂದು ಕಾಣಿಸಿತು. ಮೊದಲು ಅದು ಬಣ್ಣದ ಮೇಲಿನ ಗೀರಿನಂತಿತ್ತು. ಭೂತಗನ್ನಡಿಯಲ್ಲಿ ನೋಡಿದಾಗ ಗೆರೆಯ ಎರಡು ಅಂಚುಗಳು ಒಂದೇ ಮಟ್ಟದಲ್ಲಿರಲಿಲ್ಲ. ಒಂದು ಬದಿ ಮೇಲಕ್ಕೆದ್ದಿತ್ತು. ಕೆಲವು ವಾರಗಳಲ್ಲಿ ಅದರಿಂದ ಅಡ್ಡಗೆರೆಗಳು ಒಡೆದು, ಹಿಂದಿನ ಚಕ್ರದ ಮೇಲ್ಭಾಗದಲ್ಲಿ ಬಣ್ಣ ಗುಳ್ಳೆಯೆದ್ದಿತು. ಅಲ್ಲಿ ಉಗುರು ತಾಗಿಸಿದಾಗ ಬಣ್ಣದ ಚಕ್ಕೆಯೊಂದು ಎದ್ದುಬಂತು. ಅದರ ಹಿಂಬದಿಗೆ ಬೂದುಬಣ್ಣದ ಪುಡಿ ಅಂಟಿತ್ತು, ಆ ಪುಡಿಯ ಪಕ್ಕದಲ್ಲೇ ಬಿರುಕು ಮುಚ್ಚಲು ತುಂಬಿ ಉಪ್ಪುಕಾಗದದಲ್ಲಿ ನಯವಾಗಿ ಉಜ್ಜಿದ್ದ ಹಳದಿ ಪುಟ್ಟಿ ಕಂಡಿತು.

ಸಂಗ್ರಾಹಕರು ಇದನ್ನು ಝಿಂಕ್ ಪೆಸ್ಟ್ ಎನ್ನುತ್ತಾರೆ. ಹೆಸರು ಕೇಳಿ ಹುಳವೋ ಬೂಷ್ಟೋ ಎಂದುಕೊಳ್ಳಬಾರದು, ಒಂದು ಕಾರಿನಿಂದ ಇನ್ನೊಂದಕ್ಕೆ ಹರಡುವ ಸೋಂಕೂ ಇದಲ್ಲ. ಇದು ಎರಕ ಹೊಯ್ದ ದಿನವೇ ಲೋಹದೊಳಗೆ ಸೇರಿಕೊಂಡ ದೋಷ. ಡೈಕಾಸ್ಟ್, ಅಂದರೆ ಕರಗಿದ ಲೋಹವನ್ನು ಅಚ್ಚಿಗೆ ತುಂಬಿ ತಯಾರಿಸಿದ, ಕಾರುಗಳ ಲೋಹವೆಂದರೆ ಸತುವಿಗೆ ಸುಮಾರು ಶೇ. 4ರಷ್ಟು ಅಲ್ಯೂಮಿನಿಯಂ ಮತ್ತು ಅತ್ಯಲ್ಪ ಮೆಗ್ನೀಸಿಯಂ ಬೆರೆಸಿದ ಮಿಶ್ರಲೋಹ. ಇದನ್ನು ಬ್ರಿಟನ್ನಿನಲ್ಲಿ ಮಜಾಕ್ ಎಂದೂ ಬೇರೆಡೆ ಜಮಾಕ್ ಎಂದೂ ಕರೆಯುತ್ತಾರೆ. ಅದರೊಳಗೆ ಸೀಸ, ತವರ ಅಥವಾ ಕ್ಯಾಡ್ಮಿಯಂ ಬೆರೆತುಬಿಟ್ಟರೆ ಕೆಲಸ ಕೆಡುತ್ತದೆ. ಸೀಸವು ಗಟ್ಟಿಯಾದ ಸತುವಿನಲ್ಲಿ ಕರಗಿ ನಿಲ್ಲದೆ, ಲೋಹ ಆರುವಾಗ ಅದರ ಹರಳುಗಳ ನಡುವಿನ ಗಡಿಗಳಲ್ಲಿ ಹೋಗಿ ಕೂರುತ್ತದೆ. ಮುಂದೆ ಗಾಳಿಯ ತೇವವೂ ಸೆಖೆಯೂ ಆ ಗಡಿಗಳಗುಂಟ ಒಳಕ್ಕಿಳಿದು ಲೋಹವನ್ನು ತಿನ್ನುತ್ತವೆ. ತಿಂದಲ್ಲಿ ಹುಟ್ಟುವ ವಸ್ತು ಮೂಲ ಲೋಹಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಕಾರು ಒಳಗಿನಿಂದಲೇ ಉಬ್ಬಿ, ಬಾಗಿ, ಬಿರಿದು, ಕೊನೆಗೆ ಪುಡಿಯಾಗುತ್ತದೆ. ಎಷ್ಟು ಕಡಿಮೆ ಸೀಸ ಇದಕ್ಕೆ ಸಾಕೆಂದರೆ, ಇಂಥ ಎರಕದಲ್ಲಿ ಇರಬಹುದಾದ ಸೀಸಕ್ಕೆ ಈಗಿನ ಮಾನದಂಡಗಳು ಇಟ್ಟಿರುವ ಮಿತಿ ಶೇ. 0.005ರ ಆಸುಪಾಸಿನಲ್ಲಿದೆ.

ಡಿಂಕಿ ಕಾರುಗಳನ್ನು ತಯಾರಿಸುತ್ತಿದ್ದದ್ದು ಫ್ರಾಂಕ್ ಹಾರ್ನ್‌ಬಿ ಕಟ್ಟಿದ ಮೆಕ್ಯಾನೋ ಕಂಪನಿ, ಲಿವರ್‌ಪೂಲಿನ ಬಿನ್ಸ್ ರೋಡಿನ ಕಾರ್ಖಾನೆಯಲ್ಲಿ. ಅಲ್ಲಿಂದ 1933ರ ಕೊನೆಗೆ ಬಂದ ಮೊದಲ ವಾಹನಗಳು ಸೀಸದ ಎರಕದವು. ಸತುವಿನ ಎರಕಕ್ಕೆ ಹೊರಳಿದ್ದು ಆಮೇಲೆ. ಎರಡೂ ಲೋಹಗಳ ಬಳಕೆಯಿದ್ದ ಕಡೆ ಒಂದಕ್ಕೊಂದು ಬೆರೆಯುವ ಅವಕಾಶವೂ ಇತ್ತು. ಆಟಿಕೆ ಎಂಟು ದಶಕ ಬಾಳಬೇಕೆಂದು ಯಾರೂ ಆಗ ಯೋಚಿಸಿರಲಾರರು, ಆದ್ದರಿಂದ ಅವರನ್ನು ದೂರಿ ಫಲವಿಲ್ಲ. ಒಂದು ಸಲ ಹೊಯ್ದ ಎರಕ ಶುದ್ಧವಾಗಿದ್ದು ಇನ್ನೊಂದು ಸಲದ್ದು ಕಲಬೆರಕೆಯಾಗಿದ್ದರೆ, ಒಂದೇ ವರ್ಷ ತಯಾರಾದ ಒಂದೇ ಮಾದರಿಯ ಎರಡು ಕಾರುಗಳಲ್ಲಿ ಒಂದು ಇಂದಿಗೂ ಗಟ್ಟಿಮುಟ್ಟಾಗಿರುತ್ತದೆ, ಇನ್ನೊಂದು ಪೆಟ್ಟಿಗೆಯಲ್ಲೇ ಚೂರಾಗಿರುತ್ತದೆ. ಯುದ್ಧಾನಂತರದ ಡಿಂಕಿ, 1953ರಿಂದ ಬಂದ ಮ್ಯಾಚ್‌ಬಾಕ್ಸ್, 1956ರಿಂದ ಬಂದ ಕಾರ್ಗಿ ಇವುಗಳಲ್ಲಿ ಈ ತೊಂದರೆ ಅಪರೂಪ.

ಗೆಳೆಯರೊಬ್ಬರ ಬಳಿ ಅದೇ ಪ್ಯಾಕಾರ್ಡಿನ ಯುದ್ಧಾನಂತರದ ಪ್ರತಿಯಿತ್ತು. ಎರಡನ್ನೂ ಮೇಜಿನ ಮೇಲಿಟ್ಟು ವರ್ನಿಯರ್ ಕ್ಯಾಲಿಪರಿನಲ್ಲಿ ಅಳೆದೆವು. ಒಂದೇ ಅಚ್ಚಿನಿಂದ ಬಂದ ಎರಡು ದೇಹಗಳ ಉದ್ದ ಒಂದೇ ಇರಬೇಕಷ್ಟೆ. ನನ್ನದು ಸ್ಪಷ್ಟವಾಗಿ ಉದ್ದವಾಗಿತ್ತು. ಅದನ್ನು ಕನ್ನಡಿಯ ಮೇಲಿಟ್ಟರೆ ನಾಲ್ಕು ಚಕ್ರಗಳಲ್ಲಿ ಮೂರು ಮಾತ್ರ ತಾಗುತ್ತಿದ್ದವು. ಆಮೇಲೆ ತಳವನ್ನು ಪರೀಕ್ಷಿಸಿದೆವು. ಈ ಸರಣಿಯಲ್ಲಿ ದೇಹದ ಜೊತೆಗೇ ಎರಕವಾಗಿ ಬಂದ ಮೊಳೆಗಳ ತುದಿಯನ್ನು ಬಡಿದು ಚಪ್ಪಟೆ ಮಾಡಿ ತಗಡನ್ನು ಕೂರಿಸಿರುತ್ತಾರೆ. ನನ್ನ ಕಾರಿನಲ್ಲಿ ಆ ತುದಿಗಳನ್ನು ಡ್ರಿಲ್ ಮಾಡಿ ತೆಗೆದು, ಎಪಾಕ್ಸಿಯಿಂದ ಮೊಳೆತಲೆಯ ಆಕಾರವನ್ನು ಮಾಡಿ, ಅದರ ಮೇಲೆ ಬೆಳ್ಳಿಬಣ್ಣ ಹಚ್ಚಲಾಗಿತ್ತು. ತಗಡನ್ನು ಎತ್ತಿದರೆ ಒಳಗೆಲ್ಲ ದಪ್ಪ ಕಪ್ಪುಬಣ್ಣ, ಅದರಡಿಯಲ್ಲಿ ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ಅಂಟಿಸಿದ್ದ ಹಿತ್ತಾಳೆಯ ಪಟ್ಟಿ. ಅಂದರೆ ಕಾರು ಆಗಲೇ ಎರಡಾಗಿ ಮುರಿದಿತ್ತು. ಯುದ್ಧಪೂರ್ವದ್ದು ಎಂಬ ಅವರ ಮಾತು ಮಾತ್ರ ನಿಜವೇ ಇರಬೇಕು.

ಮಾರಾಟಗಾರರಿಗೆ ಈ ಫೋಟೋಗಳನ್ನೆಲ್ಲ ಕಳುಹಿಸಿ ಹಣ ಹಿಂದಿರುಗಿಸಲು ಕೇಳಿದೆ. ಹಳೆಯ ವಸ್ತುವಿಗೆ ಗ್ಯಾರಂಟಿ ಇರುವುದಿಲ್ಲ ಎಂಬುದು ಅವರ ಮೊದಲ ಉತ್ತರ. ನಿಮ್ಮ ಕರಾವಳಿಯ ಉಪ್ಪುಗಾಳಿಗೆ ಹೀಗಾಗಿದೆ, ನನ್ನ ಬಳಿ ಇರುವಾಗ ಸರಿಯಾಗಿಯೇ ಇತ್ತು ಎಂಬುದು ಎರಡನೆಯದು. ಈ ಎರಡನೆಯ ಉತ್ತರವನ್ನು ಬೇರೆಯವರಿಗೂ ಕೊಡುವ ಸಾಧ್ಯತೆ ಇರುವುದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ತೇವ ಮತ್ತು ಸೆಖೆ ಈ ಕೊಳೆತದ ವೇಗವನ್ನು ಹೆಚ್ಚಿಸುವುದು ನಿಜ, ಆದರೆ ಲೋಹದಲ್ಲಿ ದೋಷವೇ ಇಲ್ಲದಿದ್ದರೆ ಅವು ಕಾರನ್ನು ಉಬ್ಬಿಸಿ ಒಡೆಯಲಾರವು. ಹೆಚ್ಚೆಂದರೆ ಬಣ್ಣ ಹೋದ ಕಡೆ ಮೇಲ್ಮೈ ಮಂಕಾಗಿ ಬಿಳಿ ಪೊರೆ ಕಟ್ಟೀತು. ಅದೇ ಕಪಾಟಿನ ಅದೇ ಹಲಗೆಯ ಮೇಲೆ ಯುದ್ಧಾನಂತರದ ಡಿಂಕಿಗಳೂ, ಡಿಂಕಿಯ ಅಚ್ಚುಗಳನ್ನೇ ತರಿಸಿಕೊಂಡು ಕಲ್ಕತ್ತೆಯಲ್ಲಿ ತಯಾರಿಸುತ್ತಿದ್ದ ನಿಕ್ಕಿ ಟಾಯ್ಸಿನ ಒಂದು ಜಾಗ್ವಾರ್ ಕೂಡ ಅನೇಕ ಮಳೆಗಾಲಗಳನ್ನು ಕಳೆದಿವೆ. ಅವುಗಳಲ್ಲಿ ಒಂದಕ್ಕೂ ಬಿರುಕಿಲ್ಲ. ಇನ್ನು, ನನ್ನ ಗಾಳಿಯೇ ಕಾರಣವಾಗಿದ್ದರೆ ಹಿತ್ತಾಳೆಯ ಪಟ್ಟಿಯನ್ನು ಅಂಟಿಸಿದವರು ಯಾರು ಎಂಬ ಪ್ರಶ್ನೆಗೆ ಅವರಿಂದ ಉತ್ತರ ಬರಲಿಲ್ಲ.

ಇಲ್ಲಿ ಅಜ್ಞಾನದ ನೆಪ ನಡೆಯದು ಎಂಬುದೇ ನನ್ನ ಮುಖ್ಯ ವಾದ. ಹಳೆಯ ಬಣ್ಣದ ಕಾರನ್ನು ಇದ್ದ ಹಾಗೆಯೇ ಮಾರುವವರಿಗೆ ಒಳಗಿನ ದೋಷ ತಿಳಿಯದೆ ಇರಬಹುದು. ರಿಸ್ಟೋರ್ ಮಾಡುವವರು ಹಾಗಲ್ಲ. ಅವರು ಕಾರನ್ನು ಬಿಚ್ಚಿ, ಬಣ್ಣ ಕೀಳುವ ದ್ರಾವಣದಲ್ಲಿಟ್ಟು, ತೊಳೆದು, ಒಣಗಿಸಿ, ಬರಿಯ ಲೋಹವನ್ನು ಕೈಯಲ್ಲಿ ಹಿಡಿದು ನೋಡಿರುತ್ತಾರೆ. ಝಿಂಕ್ ಪೆಸ್ಟ್ ತಗುಲಿದ ಎರಕದ ಬಣ್ಣ ಕಿತ್ತಾಗ ಬಿರುಕುಗಳ ಜಾಲ ಕಣ್ಣಿಗೆ ರಾಚುತ್ತದೆ. ಎಷ್ಟೋ ಸಲ ಕಾರು ಆ ದ್ರಾವಣದಲ್ಲೇ ತುಂಡಾಗುತ್ತದೆ. ಪುಟ್ಟಿ ತುಂಬಿದ ಕೈಗೆ ಎಲ್ಲಿ ತುಂಬುತ್ತಿದ್ದೇನೆಂಬುದು ಗೊತ್ತಿರಲೇಬೇಕು. ಈ ಕೊಳೆತಕ್ಕೆ ಮದ್ದಿಲ್ಲ. ಬಿರುಕಿನೊಳಗೆ ಸೂಪರ್‌ಗ್ಲೂ ಬಿಡುವುದು, ಹೊರಗಿನಿಂದ ಲ್ಯಾಕರ್ ಹೊಡೆಯುವುದು ಇವೆಲ್ಲ ಮಾರಾಟದ ದಿನದವರೆಗೆ ಕಾರನ್ನು ಹಿಡಿದಿಡುವ ಉಪಾಯಗಳೇ ಹೊರತು ಬೇರೇನೂ ಅಲ್ಲ.

ಆದ್ದರಿಂದ ಕೊಳ್ಳುವ ಮುನ್ನ ಬಣ್ಣ ಕಿತ್ತ ದೇಹದ ಹೊರ ಮತ್ತು ಒಳಭಾಗದ ಫೋಟೋಗಳನ್ನು ಕೇಳಿ. ಮರ್ಯಾದೆಯಿಂದ ಕೆಲಸ ಮಾಡುವ ರಿಸ್ಟೋರರ್‌ಗಳು ಅವುಗಳನ್ನು ಹೆಮ್ಮೆಯಿಂದ ಇಟ್ಟುಕೊಂಡಿರುತ್ತಾರೆ, ಕೇಳುವ ಮೊದಲೇ ತೋರಿಸುತ್ತಾರೆ. ಕಾರು ಕೈಗೆ ಸಿಗುವಂತಿದ್ದರೆ ಗಾಜಿನ ಮೇಲಿಟ್ಟು, ಕಣ್ಣನ್ನು ಮೇಜಿನ ಮಟ್ಟಕ್ಕೆ ತಂದು, ಬದಿಯಿಂದ ನೋಡಿ: ದೇಹ ಬಾಗಿದ್ದರೆ, ತಳದ ತಗಡಿಗೂ ದೇಹದ ಅಂಚಿಗೂ ನಡುವೆ ಒಂದು ಕಡೆ ಸಂದು ಬಿಟ್ಟು ಇನ್ನೊಂದು ಕಡೆ ಒತ್ತಿಕೊಂಡಿದ್ದರೆ ಅಲ್ಲಿಗೆ ಬಿಟ್ಟುಬಿಡಿ. ಮೊಳೆತಲೆಗಳ ಫೋಟೋವನ್ನು ಹತ್ತಿರದಿಂದ ತೆಗೆಸಿಕೊಳ್ಳಿ. ಒಳಭಾಗಕ್ಕೆ ದಪ್ಪ ಬಣ್ಣ ಬಳಿದಿದ್ದರೆ ಏಕೆಂದು ಕೇಳಿ, ಏಕೆಂದರೆ ಯಾರೂ ನೋಡದ ಜಾಗವನ್ನು ಅಷ್ಟು ಮುತುವರ್ಜಿಯಿಂದ ಮುಚ್ಚುವುದಕ್ಕೆ ಒಳ್ಳೆಯ ಕಾರಣಗಳು ಕಡಿಮೆ. ಚಕ್ರಗಳ ವಿಷಯ ಬೇರೆ. ಯುದ್ಧಪೂರ್ವದ ಡಿಂಕಿಗಳಲ್ಲಿ ಎರಕದ ಚಕ್ರಗಳೇ ಮೊದಲು ಬಿರಿಯುವುದರಿಂದ ಹೊಸ ಚಕ್ರ ಹಾಕಿರುವುದು ಸಾಮಾನ್ಯ, ಅದನ್ನು ಹೇಳಿ ಮಾರಿದರೆ ತಪ್ಪೇನಿಲ್ಲ. ಆದರೆ ಅಸಲು ಚಕ್ರಗಳು ಬಿರಿದಿದ್ದರೆ ದೇಹವನ್ನು ಎರಡು ಸಲ ನೋಡಿ. ನನ್ನ ಅಭಿಪ್ರಾಯ ಕೇಳುವುದಾದರೆ, ಅಲ್ಲಲ್ಲಿ ಬಣ್ಣ ಚಕ್ಕೆಯೆದ್ದ ಅಸಲು ಕಾರೇ ಮೇಲು, ಬೆಲೆಯಲ್ಲೂ ನಂಬಿಕೆಯಲ್ಲೂ. ನಮ್ಮಲ್ಲಿ ಹೊಳಪಿಗೆ ಹಣ ಕೊಡುವ ಅಭ್ಯಾಸವೊಂದು ಬೆಳೆದಿದೆ, ಅದರ ಲಾಭ ಯಾರಿಗೆ ಹೋಗುತ್ತಿದೆ ಎಂಬುದನ್ನು ಮೇಲೆ ಹೇಳಿದ್ದೇನೆ.

ಹೊಸ ಮಾದರಿಗಳನ್ನು ಮಾತ್ರ ಕೂಡಿಸುವವರು ಇದು ನಮಗೆ ಸಂಬಂಧಿಸಿದ್ದಲ್ಲ ಎಂದುಕೊಳ್ಳದಿರಲಿ. 2000ದ ದಶಕದಲ್ಲಿ ತಯಾರಾದ ಕೆಲವು 1:43 ಮತ್ತು 1:18 ಅಳತೆಯ ಕಾರುಗಳಲ್ಲೂ ಝಿಂಕ್ ಪೆಸ್ಟ್ ಕಾಣಿಸಿಕೊಂಡಿದೆ. ಪೆಟ್ಟಿಗೆಯನ್ನು ಒಮ್ಮೆಯೂ ತೆರೆದಿಲ್ಲ ಎಂಬುದು ಅಲ್ಲಿ ರಕ್ಷಣೆಯಲ್ಲ. ಬಾಗಿಲು, ಬಾನೆಟ್ಟುಗಳು ಮುಚ್ಚಿಕೊಳ್ಳದೆ ಬಿಗಿಯಾಗುವುದು, ಬಣ್ಣದಲ್ಲಿ ಸಣ್ಣ ಗುಳ್ಳೆಗಳೇಳುವುದು ಅದರ ಮೊದಲ ಸೂಚನೆಗಳು. ಇರುವ ಸಂಗ್ರಹವನ್ನು ಅಡುಗೆಮನೆಯ ಗೋಡೆಗೂ ಹೊರಗೋಡೆಗೂ ತಾಗದಂತೆ, ಸಿಲಿಕಾ ಜೆಲ್ ಇಟ್ಟು, ಅದನ್ನು ಆಗಾಗ ಬದಲಿಸುತ್ತ ಇಟ್ಟುಕೊಂಡರೆ ದೋಷವಿರುವ ಕಾರೂ ಸ್ವಲ್ಪ ಹೆಚ್ಚು ಕಾಲ ಉಳಿದೀತು.

ಹಣ ಕೊಡುವ ರೀತಿಯ ಬಗ್ಗೆಯೂ ಒಂದು ಮಾತು. ಯುಪಿಐ ಮೂಲಕ ನೇರವಾಗಿ ವ್ಯಕ್ತಿಯ ಖಾತೆಗೆ ಹಾಕಿದ ಹಣವನ್ನು ಮಾರಾಟಗಾರರು ತಾವಾಗಿ ಹಿಂದಿರುಗಿಸದಿದ್ದರೆ ಮರಳಿ ಪಡೆಯುವುದು ಕಷ್ಟ. ವಸ್ತುವಿನ ಸ್ಥಿತಿಯ ಬಗ್ಗೆ ಅವರು ಹೇಳುವುದನ್ನು ಕರೆಯಲ್ಲಿ ಕೇಳಿ ಬಿಡದೆ ಬರಹದಲ್ಲಿ ಪಡೆದುಕೊಳ್ಳಿ, ಪಾರ್ಸೆಲ್ ತೆರೆಯುವುದನ್ನು ಕತ್ತರಿಸದ ಒಂದೇ ವಿಡಿಯೋದಲ್ಲಿ ಹಿಡಿಯಿರಿ. ವ್ಯಾಪಾರವಾಗಿಯೇ ಇದನ್ನು ನಡೆಸುವವರ ಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೂರುದಾರರು ತಾವು ವಾಸವಿರುವ ಜಿಲ್ಲೆಯ ಆಯೋಗದಲ್ಲೇ ಪ್ರಕರಣ ದಾಖಲಿಸಬಹುದಾದ್ದರಿಂದ ಮಾರಾಟಗಾರರ ಊರಿಗೆ ಅಲೆಯಬೇಕಾಗಿಲ್ಲ. ನನ್ನ ದೂರಿನ ಜೊತೆಗೆ ಇಟ್ಟಿರುವ ದಾಖಲೆಗಳಲ್ಲಿ ‘ಒಂದು ಬಿರುಕೂ ಇಲ್ಲ’ ಎಂಬ ಅವರ ಸಂದೇಶವೂ, ಹಿತ್ತಾಳೆಯ ಪಟ್ಟಿಯ ಫೋಟೋವೂ ಅಕ್ಕಪಕ್ಕದಲ್ಲಿವೆ. ಪ್ಯಾಕಾರ್ಡನ್ನು ನಾನು ಬೇರೆ ಯಾರಿಗೂ ಮಾರುವುದಿಲ್ಲ. ಬಿಚ್ಚಿದ ಸ್ಥಿತಿಯಲ್ಲೇ ಅದನ್ನು ಒಂದು ಡಬ್ಬಿಯಲ್ಲಿಟ್ಟಿದ್ದೇನೆ, ಯುದ್ಧಪೂರ್ವದ ಕಾರು ಕೊಳ್ಳಲು ಹೊರಟ ಮಂಗಳೂರು ಕಡೆಯವರು ಯಾರೇ ಆದರೂ ಬಂದು ಅದರ ಒಳಭಾಗವನ್ನು ಕಣ್ಣಾರೆ ನೋಡಬಹುದು.